ಹನ್ನೊಂದು ಸಾಕ್ಷಿಗಳು

ಅವನು ಬಂದರೆ ಐದೇ ನಿಮಿಷ. ಕಾಲೊರಸಿಗೆ ಬೂಟು ಉಜ್ಜಿ ಒಳಗೆ ಬರುವುದು, ಹೆಬ್ಬೆರಳಿನ ಉಗುರಿನಷ್ಟಿರುವ ಉಕ್ಕಿನ ಬಿಲ್ಲೆಯನ್ನು ಅವಳ ಮೇಜಿನ ಮೇಲಿಡುವುದು, ಅವಳು ಅಂಕಿ ಹೇಳುವವರೆಗೆ ನೆಲ ನೋಡುತ್ತ ನಿಲ್ಲುವುದು, “ಸರಿ ಮೇಡಂ” ಅನ್ನುವುದು, ಹೋಗುವುದು. ಐದು ತಿಂಗಳಲ್ಲಿ ಅವನ ಬಾಯಿಂದ ಅವಳು ಕೇಳಿದ್ದು ಈ ಎರಡೇ ಪದ. ಅದರಲ್ಲೂ ಒಂದು, ಮೇಡಂ.

ಹೋದ ಮೇಲೆ ಅವಳು ಕಿಟಕಿಯಲ್ಲಿ ನಿಂತು ಅವನ ಬೆನ್ನು ನೋಡುತ್ತಿದ್ದಳು. ಲ್ಯಾಬಿನಿಂದ ಫರ್ನೇಸ್ ಶೆಡ್ಡಿಗೆ ಅವನ ಲೆಕ್ಕದಲ್ಲಿ ಇಪ್ಪತ್ತೆಂಟು ಹೆಜ್ಜೆ, ಅವಳ ಲೆಕ್ಕದಲ್ಲಿ ಮೂವತ್ತೈದು. ಊಟದ ಬಿಡುವಿನಲ್ಲಿ ಯಾರೂ ಇಲ್ಲದಾಗ ನಡೆದು ಎಣಿಸಿದ್ದಳು. ಮೂವತ್ತೊಂದು ವರ್ಷದ, ಲೋಹಶಾಸ್ತ್ರ ಓದಿದ ಹೆಂಗಸು ಮಾಡುವ ಕೆಲಸವೇ ಇದು?

ಅದು ಸ್ಟೇನ್‌ಲೆಸ್ ಸ್ಟೀಲನ್ನು ಗಟ್ಟಿ ಮಾಡಿಕೊಡುವ ಕಾರ್ಖಾನೆ. ಸ್ಟೇನ್‌ಲೆಸ್ ಸ್ಟೀಲು ನೋಡುವುದಕ್ಕೆ ಠಾಕುಠೀಕು, ತುಕ್ಕನ್ನು ಹತ್ತಿರ ಸೇರಿಸುವುದಿಲ್ಲ, ಆದರೆ ಮೈ ಮೆತ್ತಗೆ. ಒಂದಕ್ಕೊಂದು ಉಜ್ಜಿದರೆ ಸವೆದುಹೋಗುತ್ತದೆ. ಅದಕ್ಕೇ ಡೈರಿಯವರು ತಮ್ಮ ಪಂಪಿನ ಶಾಫ್ಟುಗಳನ್ನು ಇಲ್ಲಿಗೆ ಕಳಿಸುತ್ತಿದ್ದರು. ಆಳೆತ್ತರದ ಉಕ್ಕಿನ ಪೀಪಾಯಿಯಲ್ಲಿ ಅವನ್ನು ನಿಲ್ಲಿಸಿ, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಚೂರೇ ಚೂರು ನೈಟ್ರೋಜನ್ನು, ಹೈಡ್ರೋಜನ್ನು ಬಿಟ್ಟು ಕರೆಂಟು ಕೊಟ್ಟರೆ, ಒಂದೊಂದು ಶಾಫ್ಟೂ ನೇರಳೆ ಬಣ್ಣದ ಬೆಳಕನ್ನು ಹೊದ್ದುಕೊಳ್ಳುತ್ತದೆ. ಆ ಬೆಳಕಿನಿಂದ ನೈಟ್ರೋಜನ್ನು ಉಕ್ಕಿನ ಚರ್ಮಕ್ಕೆ ಇಳಿಯುತ್ತದೆ, ಚರ್ಮ ಗಟ್ಟಿಯಾಗುತ್ತದೆ. ಪ್ಲಾಸ್ಮಾ ನೈಟ್ರೈಡಿಂಗ್ ಎಂದು ಅದರ ಹೆಸರು. ಕೆಲಸವೆಲ್ಲ ಇರುವುದು ಹದದಲ್ಲಿ. ನಾನೂರ ಇಪ್ಪತ್ತು ಡಿಗ್ರಿ, ಒಂದು ಹಗಲು ಒಂದು ರಾತ್ರಿ, ಅವಸರ ಕೂಡದು. ಕಾವು ಏರಿಸಿದರೆ ಇನ್ನೂ ಗಟ್ಟಿಯಾಗುವುದು ನಿಜ, ಆದರೆ ತುಕ್ಕನ್ನು ತಡೆಯುವ ಕ್ರೋಮಿಯಂ ಇದೆಯಲ್ಲ, ಅದನ್ನು ನೈಟ್ರೋಜನ್ನು ಹಿಡಿದು ಕಟ್ಟಿಹಾಕಿಬಿಡುತ್ತದೆ. ಆಮೇಲೆ ಅದು ಹೆಸರಿಗೆ ಮಾತ್ರ ಸ್ಟೇನ್‌ಲೆಸ್.

ಆ ಬೆಳಕಿನ ಮುಂದೆ ನಿಂತೂ ನಿಂತೂ ಅವನಿಗೆ ನೇರಳೆ ಎಂದೇ ಹೆಸರು ಬಿದ್ದಿತ್ತು. ಅವಳಿಗೂ ಬೆನ್ನ ಹಿಂದೆ ಒಂದು ಹೆಸರಿತ್ತು, ಚುಚ್ಚಮ್ಮ. ಪ್ರತಿ ಲೋಡಿನ ಜೊತೆ ಅದೇ ಉಕ್ಕಿನ ಒಂದು ಬಿಲ್ಲೆಯನ್ನೂ ಫರ್ನೇಸಿಗೆ ಹಾಕುತ್ತಾರೆ. ಶಾಫ್ಟಿಗೇ ಚುಚ್ಚಿ ನೋಡುವ ಹಾಗಿಲ್ಲ, ಹಾಳಾಗುತ್ತದೆ. ಅದರ ಪರವಾಗಿ ಬಿಲ್ಲೆ ಮಾತಾಡಬೇಕು. ಕಾರ್ಖಾನೆಯಲ್ಲಿ ಅದನ್ನು ಸಾಕ್ಷಿ ಎನ್ನುತ್ತಿದ್ದರು. ಅವಳು ವಜ್ರದ ಮೊನೆಯಿಂದ ಸಾಕ್ಷಿಗೆ ಚುಚ್ಚಿ, ಬಿದ್ದ ಚೌಕದ ಗುರುತನ್ನು ಮೈಕ್ರೋಸ್ಕೋಪಿನಲ್ಲಿ ಅಳೆಯುತ್ತಿದ್ದಳು. ಗುರುತು ಚಿಕ್ಕದಾದಷ್ಟೂ ಉಕ್ಕು ಗಟ್ಟಿ. ಅಂಕಿ ಸಾವಿರದ ಮೇಲೆ ಬಂದರೆ ಪಾಸ್. ಅವಳ ನಾಲಿಗೆಗೂ ಅಂಥದೇ ಮೊನೆಯಿದೆ ಎಂದು ಪ್ಯಾಕಿಂಗಿನವರು ಹೇಳಿಕೊಳ್ಳುತ್ತಿದ್ದರು. ಅದು ಸುಳ್ಳೇನೂ ಅಲ್ಲ.

ಆ ದಿನ ಅವನ ಅಂಗಿ ತೋಳಿನ ಗುಂಡಿ ಕಿತ್ತುಹೋಗಿತ್ತು. ತೋಳು ಮಡಿಸಿಕೊಂಡು ಬಂದಿದ್ದ. ಮಣಿಕಟ್ಟಿನ ಮೇಲೆ ಎಲೆಯಾಕಾರದ ಒಂದು ಹಳೇ ಸುಟ್ಟ ಕಲೆ. ಅವಳು ಒಂದು ಕಣ್ಣನ್ನು ಮೈಕ್ರೋಸ್ಕೋಪಿಗಿಟ್ಟು ಇನ್ನೊಂದರಲ್ಲಿ ಆ ಕಲೆಯನ್ನು ನೋಡುತ್ತಿದ್ದಳು. ಎರಡು ದೋಣಿಯಲ್ಲಿ ಕಾಲಿಟ್ಟವರಿಗೆ ಆಗುವುದೇ ಅವಳಿಗೂ ಆಯಿತು. ಅಳತೆಯ ಗೆರೆ ಎಲ್ಲೋ ನಿಂತಿತು, ಅಂಕಿ ಎಲ್ಲೋ ಬಂತು.

“ಒಂಬೈನೂರ ನಲವತ್ತು,” ಅಂದಳು.

ಅವನು “ಸರಿ ಮೇಡಂ” ಅನ್ನಲಿಲ್ಲ. ತಲೆ ಎತ್ತಿದ. ಐದು ತಿಂಗಳಲ್ಲಿ ಮೊದಲ ಸಲ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ರೆಪ್ಪೆ ಇಷ್ಟು ಉದ್ದ ಇದೆಯೆಂದು ನೆಲ ನೋಡುವವನ ಬಗ್ಗೆ ಯಾರಿಗೆ ಗೊತ್ತಾಗಬೇಕು?

“ಒಂಬೈನೂರಾ?”

“ಹೂಂ.”

“ಕೂತ್ಕೊಳ್ಳಲಾ ಮೇಡಂ, ಒಂದು ನಿಮಿಷ?”

ಕೂತ. ಒಂದು ನಿಮಿಷವಲ್ಲ, ಮುಕ್ಕಾಲು ಗಂಟೆ ಕೂತ. ಕಬ್ಬಿಣದ ಕಡಲೆಯಂತಿದ್ದ ಮನುಷ್ಯ ಮಾತಿನ ಮೂಟೆ ಬಿಚ್ಚಿಬಿಟ್ಟ. ಗ್ಯಾಸು ಎಷ್ಟು ಬಿಟ್ಟೆ, ಶಾಫ್ಟನ್ನು ಹೇಗೆ ತೊಳೆದೆ, ಬೆಳಕು ಹೇಗಿತ್ತು, ಎಲ್ಲ ಹೇಳಿದ.

“ನನ್ನ ಕಣ್ಣಿಗೆ ಚೆನ್ನಾಗೇ ಕಾಣಿಸ್ತು ಮೇಡಂ. ಒಂದು ಕಿಡಿ ಸಿಡೀಲಿಲ್ಲ.”

“ಕಣ್ಣಿಗೆ ಚೆನ್ನಾಗಿ ಕಂಡದ್ದೆಲ್ಲ ಗಟ್ಟಿ ಇರಲ್ಲ.”

“ಮೀಟರ್ ಹೇಳೋ ಮುಂಚೆ ನನ್ನ ಕಣ್ಣು ಹೇಳುತ್ತೆ. ಹದಿನಾಲ್ಕು ವರ್ಷ ಆಯ್ತು, ಒಂದು ಸಲನೂ ತಪ್ಪಿಲ್ಲ.”

“ಅಬ್ಬಾ, ಏನು ಜಂಬ!”

ಅವನು ನಕ್ಕ. ನಕ್ಕರೆ ಬಲಗೆನ್ನೆ ಮಾತ್ರ ನಗುತ್ತಿತ್ತು, ಎಡಗೆನ್ನೆ ಇನ್ನೂ ಒಂಬೈನೂರ ನಲವತ್ತನ್ನೇ ಯೋಚಿಸುತ್ತಿತ್ತು. ಆ ಲೋಡನ್ನು ಇನ್ನೂ ಹನ್ನೆರಡು ಗಂಟೆ ಇಟ್ಟು ತೆಗೆಯುತ್ತೇನೆ ಎಂದು ಹೇಳಿ ಎದ್ದುಹೋದ. ಅವಳು ಕುರ್ಚಿಯನ್ನು ಮುಟ್ಟಿ ನೋಡಿದಳು, ಬೆಚ್ಚಗಿತ್ತು.

ಆಮೇಲೆ ಬಿಲ್ಲೆ ಎತ್ತಿಡುವ ಮುಂಚೆ, ಅಭ್ಯಾಸಬಲದಿಂದ ಇನ್ನೊಂದು ಸಲ ಅಳೆದಳು. ಸಾವಿರದ ನೂರ ಹದಿನೆಂಟು.

ಮೂವತ್ತೈದು ಹೆಜ್ಜೆ. ಅಷ್ಟೇ ದೂರ. ಓಡಿಹೋಗಿ “ತಪ್ಪು ಓದಿದೆ ಕಣ್ರೀ” ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವಳು ಬಾಗಿಲವರೆಗೂ ಹೋದಳು. ಆದರೆ ಹೇಳಿದರೆ ಏನಾಗುತ್ತದೆ? “ಸರಿ ಮೇಡಂ” ಅನ್ನುತ್ತಾನೆ, ಮತ್ತೆ ನೆಲ ನೋಡುತ್ತಾನೆ. ಒಂದು ಸಲ ತಾನೇ ಎಂದುಕೊಂಡು ವಾಪಸು ಬಂದು ಕೂತಳು. ತಪ್ಪು ಅಲ್ಲಿಗೆ ಮುಗಿಯಿತು, ಸುಳ್ಳು ಅಲ್ಲಿಂದ ಶುರುವಾಯಿತು.

ಮಾರನೇ ದಿನ ಅವನು ಬಂದು ತಲೆ ಕೆರೆದುಕೊಳ್ಳುತ್ತ ಕೇಳಿದ, “ಆ ಫೇಲಾದ ಸಾಕ್ಷಿನ ನನಗೆ ಕೊಡ್ತೀರಾ ಮೇಡಂ?”

“ಯಾಕೆ, ಪೂಜೆ ಮಾಡ್ತೀರಾ?”

“ನೋಡ್ತಾ ಇದ್ರೆ ಬುದ್ಧಿ ಬರುತ್ತೆ.”

ಅವನು ಅದನ್ನು ಜೇಬಿನಲ್ಲಿ ಇಟ್ಟುಕೊಂಡ. ಎಡಗಡೆಯ ಜೇಬು. ಅವಳಿಗೆ ಇಡೀ ದಿನ ಅದೇ ಧ್ಯಾನ.

ಎರಡನೇ ಸಲ ಅವಳು ಬೇಕೆಂದೇ ಹೇಳಿದಳು. ಮೂರನೇ ಸಲ ಹೇಳುವಾಗ ಎದೆ ಹೊಡೆದುಕೊಳ್ಳಲೂ ಇಲ್ಲ. ಫೇಲಾದ ಬಿಲ್ಲೆಯನ್ನು ಪ್ರತಿ ಸಲವೂ ಚೀಟಿಯ ಜೊತೆ ಅವನು ಕೇಳಿ ಒಯ್ಯುತ್ತಿದ್ದ. ಪಾಸ್ ಅಂದ ದಿನ ಐದು ನಿಮಿಷ, ಫೇಲ್ ಅಂದ ದಿನ ಮುಕ್ಕಾಲು ಗಂಟೆ; ಮಗ್ಗಿಯಷ್ಟು ಸುಲಭದ ಲೆಕ್ಕ. ಫೇಲಾದ ಲೋಡನ್ನು ಅವನು ಇನ್ನೊಂದು ಸಾಕ್ಷಿಯ ಜೊತೆ ಮತ್ತೆ ಫರ್ನೇಸಿಗೆ ಹಾಕುತ್ತಿದ್ದ, ಅದನ್ನು ಅವಳು ಪಾಸ್ ಮಾಡುತ್ತಿದ್ದಳು, ಶಾಫ್ಟು ಡೈರಿಗೆ ಹೋಗುತ್ತಿತ್ತು. ಯಾರಿಗೇನು ನಷ್ಟ?

“ಒಂದು ಸಲ ಬಂದು ನೀವೇ ನೋಡಿ ಮೇಡಂ,” ಅಂದ ನಾಲ್ಕನೆಯ ಸಲ. “ನನ್ನ ಕಣ್ಣು ತಪ್ಪೋ, ಏನೋ.”

ಹೋದಳು. ಫರ್ನೇಸಿನ ಹೊಟ್ಟೆಯಲ್ಲಿ ತಟ್ಟೆಯಗಲದ ಒಂದು ದಪ್ಪ ಗಾಜು. ಅವಳು ಬಾಗಿದಳು, ಅವನೂ ಪಕ್ಕದಲ್ಲಿ ಬಾಗಿದ. ಒಳಗೆ ಮೂವತ್ತು ಶಾಫ್ಟುಗಳು ನೇರಳೆ ಬೆಳಕನ್ನು ಹೊದ್ದು ಸದ್ದಿಲ್ಲದೆ ನಿಂತಿದ್ದವು. ಆ ಬೆಳಕು ಅವನ ಕೆನ್ನೆಗೂ ಬಿದ್ದಿತ್ತು, ರೆಪ್ಪೆಯ ತುದಿಗೂ. ಅವಳು ಶಾಫ್ಟನ್ನು ನೋಡಿದ್ದು ಕಡಿಮೆ.

“ಬೆಳಕು ಮೈಗೆ ಅಂಟಿಕೊಂಡ ಹಾಗಿದ್ರೆ ಒಳಗೆ ಗ್ಯಾಸ್ ಜಾಸ್ತಿ ಅಂತ. ಹರಡಿಕೊಂಡು ದೂರ ಹೋದ್ರೆ ಕಡಿಮೆ ಅಂತ.”

“ಹಾಗಾದ್ರೆ ಎಷ್ಟು ದೂರ ಇರ್ಬೇಕು?”

“ಒಂದು ಬೆರಳು.”

ಅವರಿಬ್ಬರ ಭುಜಗಳ ನಡುವೆ ಅಷ್ಟೇ ಇತ್ತು.

“ಈಗಿರೋ ಅಷ್ಟಾ?” ಎಂದು ಕೇಳಿದಳು.

ಅವನು ತಿರುಗಿ ನೋಡಿದ, ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ಕೆಂಪಾದನೋ ಇಲ್ಲವೋ, ಆ ಬೆಳಕಿನಲ್ಲಿ ತಿಳಿಯುವ ಹಾಗಿರಲಿಲ್ಲ. ಈ ಮನುಷ್ಯ ಈಗ ಹೇಳುತ್ತಾನೆ, ಇವತ್ತು ಹೇಳಿಯೇ ಹೇಳುತ್ತಾನೆ ಎಂದು ಕಾದಳು.

“ಹತ್ತು ಡಿಗ್ರಿ ಜಾಸ್ತಿ ಮಾಡಿದೀನಿ ಮೇಡಂ,” ಅಂದ ಅವನು. “ಈ ಸಲ ಫೇಲ್ ಆಗಲ್ಲ.”

ಅವಳಿಗೆ ಎಷ್ಟು ಸಿಟ್ಟು ಬಂತೆಂದರೆ, ಮಾರನೆಯ ದಿನ ಒಂಬೈನೂರ ಇಪ್ಪತ್ತೈದು ಎಂದು ಬರೆದಳು.

ಇದನ್ನು ಕ್ರೌರ್ಯವೆಂದು ಅವಳು ತಿಳಿದಿರಲಿಲ್ಲ. ತಿಳಿಯಬೇಕಾಗಿತ್ತು. ಹತ್ತು ಡಿಗ್ರಿಗೆ ಏನೂ ಆಗುವುದಿಲ್ಲ, ಇಪ್ಪತ್ತಕ್ಕೂ ಭಯವಿಲ್ಲ, ನಾನೂರ ಐವತ್ತು ದಾಟಿದರೆ ಮಾತ್ರ ಎಚ್ಚರ ಎಂದು ಓದಿದವಳು ಅವಳು. ಮುಂದಿನ ಸಲ ಪಾಸ್ ಮಾಡಿಬಿಡುತ್ತೇನೆ ಎಂದು ಪ್ರತಿ ಸಲವೂ ಅಂದುಕೊಂಡಳು. ಒಂದು ಸಲ ಮಾಡಿದಳು ಕೂಡ. ಅವನ ಮುಖ ಊರಗಲವಾಯಿತು, “ಸರಿ ಮೇಡಂ!” ಎಂದು ಹಿಂದೆಂದೂ ಇಲ್ಲದಷ್ಟು ಜೋರಾಗಿ ಅಂದ, ಹೋದ. ಮುಂದಿನ ಲೋಡು ಬರುವವರೆಗೆ ಒಂಬತ್ತು ದಿನ ಲ್ಯಾಬಿನ ಕಡೆ ತಲೆ ಹಾಕಲಿಲ್ಲ. ಹತ್ತನೇ ದಿನ ಅವನ ಬಿಲ್ಲೆ ಮತ್ತೆ ಫೇಲಾಯಿತು.

“ನಿಮ್ಮ ಕೈಗುಣ ಎಲ್ಲಿ ಹೋಯ್ತು?” ಎಂದು ಕೀಟಲೆ ಮಾಡಿದಳು. “ಹದಿನಾಲ್ಕು ವರ್ಷದ ಜಂಬ?”

“ಅದೇ ನಾನೂ ಹುಡುಕ್ತಾ ಇದೀನಿ ಮೇಡಂ.”

ಅವನು ಒಂದು ನೋಟುಬುಕ್ಕು ಇಟ್ಟುಕೊಂಡ. ಒಂದೊಂದು ಗಂಟೆಗೂ ಬರೆಯತೊಡಗಿದ. ಮೀಟರನ್ನು ಎರಡೆರಡು ಸಲ ನೋಡಿ, ಆಮೇಲೆ ಪಕ್ಕದ ಫರ್ನೇಸಿನವನನ್ನು ಕರೆದು ಅವನ ಕೈಲೂ ನೋಡಿಸುತ್ತಿದ್ದ. ಕಾವು ಎಷ್ಟಿಟ್ಟೆ ಎಂದು ಹೇಳುವುದನ್ನು ನಾಚಿಕೆಯಿಂದ ನಿಲ್ಲಿಸಿದ. ಅವಳೂ ಕೇಳುವುದನ್ನು ನಿಲ್ಲಿಸಿದಳು. ಅವನ ಕೆನ್ನೆ ಒಳಗೆ ಹೋಯಿತು. ನನ್ನ ಧ್ಯಾನದಲ್ಲೇ ಸೊರಗುತ್ತಿದ್ದಾನೆ ಎಂದುಕೊಂಡಳು ಅವಳು. ಸೊರಗಿದವರೆಲ್ಲ ಪ್ರೇಮಿಗಳಲ್ಲ.

ಎಂಟನೇ ಸಾಕ್ಷಿ ತಂದ ದಿನ ಅವನ ಮೂಗಿನ ಮೇಲೆ ಕನ್ನಡಕವಿತ್ತು. ಕಪ್ಪು ಚೌಕಟ್ಟಿನದು.

“ಅಯ್ಯೋ, ಇದೇನು! ಮೇಷ್ಟ್ರ ಹಾಗೆ ಕಾಣ್ತೀರಿ.”

“ಆ ಬೆಳಕು ನೋಡಿ ನೋಡಿ ಕಣ್ಣು ಹೋಗಿರಬೇಕು ಮೇಡಂ. ಅದಕ್ಕೇ ಹದ ತಿಳೀತಾ ಇಲ್ಲ.”

ಅವಳಿಗೆ ಈಗ ಹೇಳಬೇಕು ಅನ್ನಿಸಿತು. ಆದರೆ ಕನ್ನಡಕ ಅವನಿಗೆ ಒಪ್ಪುತ್ತಿತ್ತು, ಅವನು ಅದನ್ನು ಮೂಗಿನ ಮೇಲೆ ಏರಿಸಿಕೊಳ್ಳುವ ರೀತಿ ಮುದ್ದಾಗಿತ್ತು, ಹೊರಗೆ ಬಿಸಿಲು ಚೆನ್ನಾಗಿತ್ತು. ಅಂಥ ದಿನ ಯಾರು ಹಾಳುಮಾಡಿಕೊಳ್ಳುತ್ತಾರೆ?

“ಕೊಡಿ, ನಾನೂ ಹಾಕಿ ನೋಡ್ತೀನಿ.”

“ಬೇಡ ಬೇಡ.” ಗಾಬರಿಯಿಂದ ಕೈ ಅಡ್ಡ ಹಿಡಿದ. “ನಿಮ್ಮ ಕಣ್ಣಿಗೆ ಆಗಲ್ಲ, ತಲೆ ಸುತ್ತುತ್ತೆ.”

ಮನೆಯಲ್ಲಿ ಅತ್ತಿಗೆಗೆ ಮಾತ್ರ ಇದೆಲ್ಲ ಗೊತ್ತಿತ್ತು. ಅಣ್ಣನ ಹೆಂಡತಿಯಾದರೂ ಅಕ್ಕನಂಥವಳು. ಒಗೆದ ಬಟ್ಟೆ ಮಡಚುತ್ತ ಮಡಚುತ್ತ ಎದುರಿದ್ದವರ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊರಗೆ ಎಳೆಯುವ ಕಲೆ ಅವಳಿಗಿತ್ತು.

“ಪ್ರೀತಿ ಇದ್ರೆ ಬಾಯಿಬಿಟ್ಟು ಹೇಳು. ಇಲ್ಲಾಂದ್ರೆ ಅವನನ್ನ ಬಿಟ್ಟುಬಿಡು. ಇದೇನೇ ಇದು, ಫೇಲ್ ಮಾಡೋದು?”

“ಅವರೇ ಹೇಳ್ಲಿ ಅತ್ತಿಗೆ. ನಾನ್ಯಾಕೆ ಮೊದಲು ಹೇಳ್ಬೇಕು?”

“ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.” ಅತ್ತಿಗೆ ದಿಂಬಿನ ಕವರನ್ನು ಫಟ್ಟೆಂದು ಕೊಡವಿದಳು. “ಅವನು ಕನ್ನಡಕ ಹಾಕ್ಕೊಂಡ ಅಂತೀಯ, ನಗ್ತೀಯ. ನನಗೆ ನಗು ಬರ್ತಿಲ್ಲಮ್ಮ.”

“ಸುಮ್ನಿರಿ ಅತ್ತಿಗೆ. ಇನ್ನು ಎರಡೇ ಸಲ.”

ಎರಡು ಹೋಗಿ ಮೂರಾಯಿತು. ಹನ್ನೊಂದನೇ ಸಾಕ್ಷಿ ಫೇಲಾದ ಮರುವಾರ ಡೈರಿಯಿಂದ ಆರು ಪೆಟ್ಟಿಗೆ ವಾಪಸು ಬಂದವು. ಯಜಮಾನರು ಒಂದನ್ನು ಒಡೆಸಿದರು. ಶಾಫ್ಟುಗಳ ಉದ್ದಕ್ಕೂ ಕಂದು ಗೆರೆ, ಹಲ್ಲಿಲ್ಲದ ಬಾಯಿಯಿಂದ ಸೋರಿದ ಎಲೆಯಡಿಕೆಯ ಹಾಗೆ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿದಿತ್ತು.

ಯಜಮಾನರು ದೊಡ್ಡ ದನಿಯ ಮನುಷ್ಯ. ಅವರು ಫರ್ನೇಸಿನ ಮುಂದೆ ನಿಂತು ಬೈದದ್ದು ಲ್ಯಾಬಿನ ಕಿಟಕಿ ಮುಚ್ಚಿದ್ದರೂ ಕೇಳಿಸಿತು.

“ನಾನೂರ ಎಂಬತ್ತು! ಯಾರನ್ನ ಕೇಳಿ ನಾನೂರ ಎಂಬತ್ತು ಇಟ್ಟೆ?”

“ಸಾಕ್ಷಿ ಮೆತ್ತಗೆ ಬರ್ತಿತ್ತು ಸಾರ್.”

“ಮೆತ್ತಗೆ ಬಂದ್ರೆ ನಿನ್ನ ಕೆಲಸ ಸರಿಯಿಲ್ಲ ಅಂತ. ಅದನ್ನ ಮುಚ್ಚೋಕೆ ಕಾವು ಏರಿಸ್ತೀಯಾ? ಹದಿನಾಲ್ಕು ವರ್ಷದಿಂದ ಇದನ್ನೇ ಕಲಿತದ್ದಾ? ಸೋಮವಾರ ಬಂದು ಕಾಗದ ತಗೊಂಡು ಹೋಗು.”

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡ.

ಅವಳು ಎದ್ದಳು, ಕೂತಳು. ಶುಕ್ರವಾರ ಸಂಜೆ ಹೇಳುತ್ತೇನೆಂದುಕೊಂಡಳು, ಶನಿವಾರಕ್ಕೆ ಮುಂದೂಡಿದಳು. ಅವಳ ತಲೆಯೊಳಗೆ ಇನ್ನೊಂದು ಲೆಕ್ಕವೂ ಓಡುತ್ತಿತ್ತು, ಅದನ್ನು ಮುಚ್ಚಿಡಬಾರದು: ಅವನು ಕೆಲಸ ಬಿಟ್ಟರೆ ಒಳ್ಳೆಯದೇ ಆಯಿತು, ಅವನ ಮನೆಗೇ ಹೋಗಿ ಸಮಾಧಾನ ಹೇಳಬಹುದು, ಆಗ ಅವನು ಅಳಬಹುದು, ಆಗ ಕೈ ಹಿಡಿಯಬಹುದು. ಭಾನುವಾರ ಇಡೀ ದಿನ ಯಾವ ಬಣ್ಣದ ಬಟ್ಟೆ ಹಾಕಿಕೊಂಡು ಹೋಗಲಿ ಎಂದು ಯೋಚಿಸಿದಳು.

ಸೋಮವಾರ ಬೆಳಿಗ್ಗೆ ಅವನೇ ಲ್ಯಾಬಿಗೆ ಬಂದ. ಕಾಲೊರಸಿಗೆ ಬೂಟು ಉಜ್ಜಿದ. ಹಿಂದೆ ಯಜಮಾನರು, ಮುಖ ಗಂಟಿಕ್ಕಿಕೊಂಡು. ಅವನ ಕೈಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಹನ್ನೊಂದು ಬಿಲ್ಲೆಗಳನ್ನು ಸಾಲಾಗಿ ಇಟ್ಟ. ಒಂದೊಂದರ ಹಿಂದೆಯೂ ತಾರೀಕು ಬರೆದ ಚೀಟಿ, ಅವಳದೇ ಅಕ್ಷರದ ರಿಪೋರ್ಟು ಚೀಟಿ.

“ಮೇಡಂ ಅವರ ತಪ್ಪಲ್ಲ ಸಾರ್,” ಅಂದ. “ಅವರು ಅಂಥವರಲ್ಲ. ಮೆಷಿನ್ ಎಲ್ಲೋ ಕೈಕೊಟ್ಟಿದೆ ಅಂತ ನನ್ನ ಅನುಮಾನ. ಒಂದು ಸಲ ಪರೀಕ್ಷೆ ಮಾಡಿಸಿಬಿಡಿ. ಆಮೇಲೆ ನಾನು ಹೋಗ್ತೀನಿ.”

ಗಟ್ಟಿತನ ಮೊದಲೇ ಗೊತ್ತಿರುವ ಒಂದು ಬಿಲ್ಲೆ ಪ್ರತಿ ಲ್ಯಾಬಿನಲ್ಲೂ ಇರುತ್ತದೆ, ಮೆಷಿನ್ನಿನ ಸತ್ಯ ನೋಡಲಿಕ್ಕೆ. ಅವಳು ಅದನ್ನು ಇಟ್ಟು ಚುಚ್ಚಿದಳು. ಅಂಕಿ ಕೂದಲೆಳೆ ಆಚೀಚೆ ಇಲ್ಲದೆ ಬಂತು.

“ಮೆಷಿನ್ ಸರಿಯಿದೆ,” ಅಂದಳು.

“ಆಯ್ತಲ್ಲಪ್ಪ,” ಎಂದರು ಯಜಮಾನರು.

“ಹಳೇ ಗುರುತುಗಳು ಇನ್ನೂ ಹಾಗೇ ಇದಾವೆ ಸಾರ್. ಒಂದು ಸಲ ಬಿದ್ದದ್ದು ಅಳಿಸಲ್ಲ. ಮೇಡಂ ಅದನ್ನೇ ಮತ್ತೆ ಅಳೀಲಿ. ನಾನು ನೋಡೋದು ಬೇಡ, ನೀವೂ ನೋಡೋದು ಬೇಡ. ಮೇಡಂ ಏನು ಹೇಳ್ತಾರೋ ಅದೇ ಸರಿ.”

ಅವಳು ಮೊದಲ ಬಿಲ್ಲೆಯನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟಳು. ಒಂಬೈನೂರ ನಲವತ್ತು ಎಂದುಬಿಟ್ಟರೆ ಮುಗಿಯಿತು. ಯಜಮಾನರಿಗೆ ಅಳೆಯಲು ಬರುವುದಿಲ್ಲ, ಅವನು ನಂಬುತ್ತಾನೆ. ಅವನು ನಂಬುತ್ತಾನಲ್ಲ, ಅದಕ್ಕೇ ಅವಳು ಅಳತೆಯ ಗೆರೆಯನ್ನು ಗುರುತಿನ ತುದಿಗೆ ಸರಿಯಾಗಿ ತಂದು ನಿಲ್ಲಿಸಿದಳು.

“ಸಾವಿರದ ನೂರ ಹದಿನೆಂಟು.”

ಅವನು ಚೀಟಿ ನೋಡಿದ. “ಇಲ್ಲಿ ಒಂಬೈನೂರ ನಲವತ್ತು ಅಂತಿದೆ ಮೇಡಂ.” ಮುಖದಲ್ಲಿ ಇನ್ನೂ ಆಸೆಯಿತ್ತು, ಮೆಷಿನ್ನಿನದೇ ತಪ್ಪೆಂದು ಗೊತ್ತಾಗುವ ಆಸೆ. ಎರಡನೆಯದನ್ನು ಸರಿಸಿದ.

“ಸಾವಿರದ ನೂರ ಇಪ್ಪತ್ತಾರು.”

“ಇಲ್ಲಿ ಒಂಬೈನೂರ ಐವತ್ತು.”

ಮೂರನೆಯದು ಸಾವಿರದ ನೂರ ನಲವತ್ತು. ನಾಲ್ಕನೆಯದು ಸಾವಿರದ ನೂರ ಐವತ್ತೈದು. ಐದನೆಯದನ್ನು ಹೇಳಿದಾಗ ಅವನಿಗೆ ತಿಳಿಯಿತು. ತಿಳಿದದ್ದು ಅವಳಿಗೂ ತಿಳಿಯಿತು. ಚೀಟಿ ಹಿಡಿದ ಬೆರಳು ನಿಂತುಹೋಯಿತು. ಇನ್ನು ಸಾಕು ಅನ್ನುತ್ತಾನೆ, ನನ್ನನ್ನು ಬಿಟ್ಟುಬಿಡುತ್ತಾನೆ ಎಂದುಕೊಂಡಳು.

“ಮುಂದಿನದು,” ಅಂದ.

ಮೇಡಂ ಅನ್ನಲಿಲ್ಲ.

ಆರು, ಏಳು, ಎಂಟು. ಒಂದೊಂದನ್ನೂ ಅವನೇ ಎತ್ತಿ ಇಟ್ಟ. ಒಂದೊಂದನ್ನೂ ಅವಳು ಅಳೆದು ಹೇಳಿದಳು, ಒಂದೊಂದಕ್ಕೂ ಅವನು ಅವಳ ಹಳೆಯ ಸುಳ್ಳನ್ನು ಗಟ್ಟಿಯಾಗಿ ಓದಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಸಂತೆಯಲ್ಲಿ ನಿಲ್ಲಿಸಿ ಹೊಡೆದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಅವಳು ಹೇಳುತ್ತಿದ್ದ ಒಂದೊಂದು ಅಂಕಿಯೂ ಒಂದೊಂದು ದಿನ: ಅಂಗಿಯ ಗುಂಡಿ ಕಿತ್ತುಹೋಗಿದ್ದ ದಿನ, ಗಾಜಿನ ಮುಂದೆ ಬಾಗಿದ ದಿನದ ಮರುದಿನ, ಕನ್ನಡಕದ ದಿನ. ಹನ್ನೊಂದನೆಯದು ಸಾವಿರದ ಇನ್ನೂರ ತೊಂಬತ್ತು. ಅಷ್ಟು ಗಟ್ಟಿಯಾದ ಬಿಲ್ಲೆ ಆ ಲ್ಯಾಬಿಗೆ ಅದುವರೆಗೆ ಬಂದಿರಲಿಲ್ಲ.

“ಎಲ್ಲಾ ಪಾಸಾ?” ಎಂದರು ಯಜಮಾನರು. “ಹನ್ನೊಂದೂ? ಹಾಗಾದ್ರೆ ಫೇಲ್ ಅಂತ ಯಾಕಮ್ಮ ಬರೆದೆ?”

ಅವಳು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ.

“ಪಾಸ್ ಅಂದ್ರೆ ಇವರು ಹೊರಟುಹೋಗ್ತಿದ್ರು,” ಅಂದಳು. “ಫೇಲ್ ಅಂದ್ರೆ ಕೂತ್ಕೊಳ್ತಿದ್ರು.”

ಯಜಮಾನರು ಅವಳನ್ನು ನೋಡಿದರು, ಅವನನ್ನು ನೋಡಿದರು, ಕುರ್ಚಿಯನ್ನು ನೋಡಿದರು. ನಲವತ್ತು ವರ್ಷ ಉಕ್ಕಿನ ಜೊತೆ ಏಗಿದ ಮನುಷ್ಯ.

“ಇದನ್ನ ನಾನು ಡೈರಿಯವರಿಗೆ ಏನಂತ ಬರೀಲಿ?” ಅಂದರು. ಆಮೇಲೆ ಅವನ ಬೆನ್ನ ಮೇಲೆ ಕೈಯಿಟ್ಟು, “ನೀನು ಹೋಗಿ ಲೋಡ್ ತೆಗಿಯಪ್ಪ,” ಅಂದರು. ಅವಳ ಕಡೆ ತಿರುಗದೆ, “ನಿಮ್ಮ ಕಾಗದ ಮಧ್ಯಾಹ್ನ ರೆಡಿ ಇರುತ್ತೆ,” ಎಂದು ಹೊರಟುಹೋದರು.

ಇಬ್ಬರೇ ಉಳಿದರು. ಅವನು ಬಿಲ್ಲೆಗಳನ್ನು ಡಬ್ಬಿಗೆ ತುಂಬಲಿಲ್ಲ. ಬಿಳಿ ಬಟ್ಟೆಯ ಮೇಲೆ ಹಾಗೇ ಬಿಟ್ಟ.

“ಬುದ್ಧಿ ಬರ್ಲಿ ಅಂತ ಇಟ್ಕೊಂಡಿರಲಿಲ್ಲ ಇವನ್ನ,” ಅಂದ. “ನಿಮ್ಮ ಕೈ ತಾಗಿದ್ದು ಅಂತ ಇಟ್ಕೊಂಡಿದ್ದೆ.”

ಆ ಮೊದಲ ಫೇಲಿನಿಂದ ಹಿಡಿದು ನಾಲ್ಕೂವರೆ ತಿಂಗಳು ಈ ಒಂದು ಮಾತಿಗಾಗಿ ಕಾದಿದ್ದವಳು ಅವಳು. ಅದು ಬಂದದ್ದು ಹೀಗೆ.

“ಹೇಳಬಾರದಿತ್ತಾ?” ಅಂದಳು. ಕಣ್ಣು ತುಂಬಿ ಅವನು ಎರಡೆರಡಾಗಿ ಕಾಣುತ್ತಿದ್ದ. “ಒಂದು ಸಲ, ಒಂದೇ ಒಂದು ಸಲ ಹೇಳಿದ್ದಿದ್ರೆ?”

“ಹೇಳೋಣ ಅಂತಾನೇ ಇದ್ದೆ. ಕೆಲಸ ಕೆಡ್ತಾ ಇರೋನು ಯಾವ ಮುಖ ಇಟ್ಕೊಂಡು ಕೇಳಲಿ? ಒಂದು ಲೋಡ್ ಮೊದಲನೇ ಸಲಕ್ಕೇ ಪಾಸಾದ್ರೆ, ಆಗ ಕೇಳೋಣ ಅಂತಿದ್ದೆ.”

“ಒಂದು ಸಲ ಪಾಸ್ ಮಾಡಿದ್ನಲ್ಲ!”

“ಆ ಸಲನೇ ಧೈರ್ಯ ಬಂದದ್ದು. ಒಂಬತ್ತು ದಿನ ಹೇಗೆ ಕೇಳಲಿ ಅಂತ ಮಾತು ಜೋಡಿಸ್ತಾ ಇದ್ದೆ. ಹತ್ತನೇ ದಿನ ಕೇಳೋಕೇ ಬಂದಿದ್ದೆ, ಕೈಯಲ್ಲಿ ಸಾಕ್ಷಿ ಬೇರೆ ಇತ್ತು. ನೀವು ಅದನ್ನ ಫೇಲ್ ಮಾಡಿದ್ರಿ.”

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಹೊರಗೆ ಪ್ಯಾಕಿಂಗಿನವರು ಏನೋ ಹೇಳಿಕೊಂಡು ನಗುತ್ತಿದ್ದರು.

“ಈಗ ಹೇಳ್ತಿದೀನಿ, ಕೇಳಿ,” ಅಂದಳು. “ನನಗೆ ನೀವಂದ್ರೆ ಇಷ್ಟ. ಪ್ರಾಣಕ್ಕಿಂತ ಇಷ್ಟ. ನಿಜ.”

ಅವನು ಅವಳನ್ನೇ ನೋಡಿದ. ನೆಲ ನೋಡಲಿಲ್ಲ. ಆ ನೋಟಕ್ಕಾಗಿ ಅವಳು ಇಷ್ಟೆಲ್ಲ ಮಾಡಿದ್ದಳು, ಈಗ ತಾನೇ ನೆಲ ನೋಡುವಂತಾಯಿತು.

“ನಿಜ ಇರಬಹುದು,” ಅಂದ ಅವನು. “ನೀವು ಹೇಳಿದ್ದು ನಿಜವೋ ಸುಳ್ಳೋ ನನಗೆ ಗೊತ್ತಾಗಲ್ಲ ಮೇಡಂ. ಆ ಹದ ಹೋಗಿಬಿಟ್ಟಿದೆ.”

ಕನ್ನಡಕ ತೆಗೆದ. ಅಂಗಿಯ ಅಂಚಿನಲ್ಲಿ ಒರೆಸಿ, ಬಿಲ್ಲೆಗಳ ಸಾಲಿನ ಕೊನೆಗೆ, ಹನ್ನೆರಡನೆಯದರ ಜಾಗದಲ್ಲಿ ಇಟ್ಟ. ಬಾಗಿಲ ಕಡೆ ತಿರುಗಿದ.

“ಕನ್ನಡಕ,” ಎಂದಳು ಅವಳು ಹಿಂದಿನಿಂದ. “ಕನ್ನಡಕ ಮರೆತ್ರಿ.”

“ಮರೆತಿಲ್ಲ.” ಅವನು ಹೊಸ್ತಿಲಲ್ಲಿ ನಿಂತ. “ಕಣ್ಣಿನ ಡಾಕ್ಟರು ಎರಡು ಸಲ ನೋಡಿದ್ರು. ಕಣ್ಣಿಗೆ ಏನೂ ಆಗಿಲ್ಲ, ಚೆನ್ನಾಗಿವೆ, ಮನೆಗೆ ಹೋಗಿ ಅಂದ್ರು. ನಾನೇ ಜಗಳ ಮಾಡಿ ಹಾಕಿಸ್ಕೊಂಡು ಬಂದೆ. ಅವರನ್ನ ನಂಬಲಿಲ್ಲ. ನಿಮ್ಮನ್ನ ನಂಬಿದೆ.”

ಹೋದ. ಅವಳು ಕಿಟಕಿಗೆ ಹೋಗಿ ಎಣಿಸಿದಳು. ಇಪ್ಪತ್ತೆಂಟು ಹೆಜ್ಜೆ, ಒಂದು ಸಲವೂ ತಿರುಗಿ ನೋಡಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಪಕ್ಕದ ಫರ್ನೇಸಿನವನನ್ನು ಕರೆದ. ಗಾಜಿನೊಳಗೆ ತೋರಿಸಿ ಏನೋ ಕೇಳಿದ, ಅವನು ಸರಿಯಿದೆ ಎಂದು ತಲೆಯಾಡಿಸಿದ. ಇವನು ಇನ್ನೊಂದು ಸಲ ಕೇಳಿದ.

ಅವಳು ಕನ್ನಡಕವನ್ನು ಎತ್ತಿ ಹಾಕಿಕೊಂಡಳು. ತಲೆ ಸುತ್ತಲಿಲ್ಲ. ಕಿಟಕಿ, ಅಂಗಳ, ಶೆಡ್ಡು, ಬಾಗಿ ನಿಂತ ಅವನ ಬೆನ್ನು, ಯಾವುದೂ ದೊಡ್ಡದಾಗಲಿಲ್ಲ, ಚಿಕ್ಕದಾಗಲಿಲ್ಲ. ತೆಗೆದು ನೋಡಿದಳು, ಮತ್ತೆ ಹಾಕಿಕೊಂಡು ನೋಡಿದಳು. ಎಲ್ಲ ಮೊದಲಿನ ಹಾಗೇ ಕಾಣುತ್ತಿತ್ತು.